ಕಟ್ಟಿದವನ ಬಾಯಿ ಮುಚ್ಚಿಸಿ

ಆಟ ಆಡುವವರೇ ಆಟದೊಳಗಿನ ಮಿಷನ್‌ಗಳನ್ನೂ ಕಟ್ಟತೊಡಗಿ ಮೂವತ್ತು ವರ್ಷ ದಾಟಿತು. 1993ರ ಡಿಸೆಂಬರಿನಲ್ಲಿ ಡೂಮ್ ಎಂಬ ಆಟ ಬಂತು. ಮರುವರ್ಷವೇ ಹುಡುಗರು ಅದರ ಫೈಲುಗಳನ್ನು ಬಿಚ್ಚಿ, ತಮ್ಮದೇ ಓಣಿ, ತಮ್ಮದೇ ಬಾಗಿಲು, ತಮ್ಮದೇ ದೆವ್ವಗಳನ್ನಿಟ್ಟು ಹಂಚತೊಡಗಿದರು. ಈಗ ಆ ಕೆಲಸಕ್ಕೆ ಕಂಪ್ಯೂಟರೂ ಬೇಡ. ಕಟ್ಟುವ ಸಲಕರಣೆ ಮೊಬೈಲ್ ಆಟಗಳೊಳಗೇ ಇದೆ: ಬಿಜಿಎಂಐನಲ್ಲಿ ವರ್ಲ್ಡ್ ಆಫ್ ವಂಡರ್ ಇದೆ, ಫ್ರೀ ಫೈರ್ ಮ್ಯಾಕ್ಸ್‌ನಲ್ಲಿ ಕ್ರಾಫ್ಟ್‌ಲ್ಯಾಂಡ್ ಇದೆ. ಬೆಳ್ಳಾವಿಯಲ್ಲಿ ತುಮಕೂರು ಬಸ್ಸಿಗೆ ಕಾಯುವ ಕಾಲೇಜು ಹುಡುಗ ಬಸ್ಸು ಬರುವುದರೊಳಗೆ ಮೊಬೈಲಿನಲ್ಲೇ ಎರಡು ಗೋಡೆ ಎಬ್ಬಿಸಿ, ಒಂದು ಗೋಪುರ ನಿಲ್ಲಿಸಿ, ಬಂದೂಕು ಎಲ್ಲಿ ಸಿಗಬೇಕೆಂದು ಗುರುತು ಹಾಕಿ ಮುಗಿಸಿರುತ್ತಾನೆ. ಸೀಟು ಸಿಕ್ಕರೆ ಗುಬ್ಬಿ ಗೇಟ್ ಬರುವಷ್ಟರಲ್ಲಿ ಅದನ್ನು ಲೋಕಕ್ಕೆ ಬಿಟ್ಟೂ ಆಗಿರುತ್ತದೆ.

ಹೀಗೆ ಬಿಡುವ ಮೊದಲು ಯಾರಾದರೂ ನೋಡಬೇಕೋ ಬೇಡವೋ ಎಂಬ ಜಗಳ ಆಟಗಾರರಲ್ಲಿ ಹಳೆಯದು. ನೋಡಲೇಬೇಕು, ಇಲ್ಲದಿದ್ದರೆ ಕಸದ ರಾಶಿ ಬೀಳುತ್ತದೆ ಅನ್ನುವವರು ಒಂದು ಕಡೆ. ನೋಡುವವರು ಯಾರು, ಅವರಿಗೆ ಆ ಅಧಿಕಾರ ಕೊಟ್ಟವರು ಯಾರು ಅನ್ನುವವರು ಇನ್ನೊಂದು ಕಡೆ. ನನ್ನ ಮಾತು ಇಷ್ಟು: ಮಿಷನ್ ಮುಗಿಯುತ್ತದೋ ಇಲ್ಲವೋ ಎಂಬುದನ್ನು ಬಿಡುವ ಮೊದಲೇ ನೋಡಬೇಕು. ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಮೊದಲೇ ನೋಡುವ ಹಕ್ಕು ಯಾರಿಗೂ ಇಲ್ಲ. ಇವೆರಡನ್ನೂ ಒಂದೇ ಜರಡಿಗೆ ಹಾಕುವುದರಿಂದಲೇ ಈ ಜಗಳ ಮುಗಿಯುತ್ತಿಲ್ಲ.

ಕಸದ ರಾಶಿಯ ಭಯ ಸುಳ್ಳೇನಲ್ಲ. ಡೂಮ್ ಬಂದ ಎರಡೇ ವರ್ಷದೊಳಗೆ ವಿಝಾರ್ಡ್‌ವರ್ಕ್ಸ್ ಎಂಬ ಕಂಪನಿ ಸಿಕ್ಕ ಸಿಕ್ಕ ಮಟ್ಟಗಳನ್ನೆಲ್ಲ ಬಾಚಿ, ಒಂಬೈನೂರರಷ್ಟನ್ನು ಒಂದು ಸಿ.ಡಿ.ಯಲ್ಲಿ ತುಂಬಿ ಡಿ!ಝೋನ್ ಎಂದು ಮಾರಿತು. ಆರಿಸುವವರಿಲ್ಲ, ಕೇಳುವವರಿಲ್ಲ. ಆಡಿದವರಿಗೆ ಒಂದು ಒಳ್ಳೆಯದು ಸಿಗಬೇಕಾದರೆ ಹತ್ತಾರು ಕೆಟ್ಟದ್ದನ್ನು ದಾಟಬೇಕಿತ್ತು. ಇದನ್ನು ಕಂಡ ಮೂಲ ಆಟದ ಒಡೆಯರು 1995ರ ಕೊನೆಯಲ್ಲಿ ಕೈ ಪಳಗಿದ ಕೆಲವು ಅಭಿಮಾನಿಗಳನ್ನೇ ಹಿಡಿದು, ದುಡ್ಡು ಕೊಟ್ಟು, ಗುಪ್ತವಾದದ್ದೂ ಸೇರಿ 21 ಮಟ್ಟಗಳನ್ನು ಮಾಸ್ಟರ್ ಲೆವೆಲ್ಸ್ ಎಂದು ಹೊರತಂದರು. ಇವತ್ತಿಗೂ ಆಡಬಹುದಾದವು ಅವು. ಆದರೆ ಒಂದು ಮಾತು ಮರೆಯಬಾರದು. ಆ ಅಭಿಮಾನಿಗಳ ಕೈ ಪಳಗಿದ್ದು ಯಾರೂ ತಡೆಯದೆ ಬಿಟ್ಟ ಆ ಕಸದ ಕಾಲದಲ್ಲೇ.

ಬಾಗಿಲೇ ಇಡದಿದ್ದರೆ ಏನಾಗುತ್ತದೆಂಬುದಕ್ಕೆ ಸಿಟಿ ಆಫ್ ಹೀರೋಸ್ ಸಾಕ್ಷಿ. 2009ರ ಏಪ್ರಿಲ್‌ನಲ್ಲಿ ಆ ಆಟ ಮಿಷನ್ ಆರ್ಕಿಟೆಕ್ಟ್ ಎಂಬ ಸಲಕರಣೆಯನ್ನು ಆಟಗಾರರ ಕೈಗೆ ಕೊಟ್ಟಿತು. ಕಥೆ ನಿಮ್ಮದು, ಖಳರು ನಿಮ್ಮವರು, ಸಂಭಾಷಣೆ ನಿಮ್ಮದು. ಚೆಂದದ ಕಥೆಗಳೂ ಬಂದವು. ಅದಕ್ಕಿಂತ ಬೇಗ ಬಂದದ್ದು ಇನ್ನೊಂದು ಬಗೆಯ ಮಿಷನ್: ಹೊಡೆದರೆ ತಿರುಗಿ ಹೊಡೆಯದ, ಸತ್ತರೆ ಮಾತ್ರ ರಾಶಿ ಅಂಕ ಕೊಡುವ ಶತ್ರುಗಳನ್ನು ಸಾಲಾಗಿ ನಿಲ್ಲಿಸಿಟ್ಟ ಕೊಠಡಿ. ಒಳಗೆ ಹೋಗು, ಕೊಯ್ದುಕೋ, ಹೊರಗೆ ಬಾ. ಕೆಲವೇ ವಾರಗಳಲ್ಲಿ ಕಂಪನಿಯವರೇ ಎದ್ದು ಬಂದು ದುರುಪಯೋಗ ಮಾಡಿದವರ ಮೇಲೆ ಕ್ರಮ ಕೈಗೊಳ್ಳಬೇಕಾಯಿತು. ಗಮನಿಸಿ, ಅಲ್ಲಿ ಕೆಟ್ಟದ್ದು ಕಥೆಯಲ್ಲ, ಲೆಕ್ಕ. ಬಹುಮಾನದ ಲೆಕ್ಕವನ್ನು ಮೊದಲೇ ಒಂದು ಯಂತ್ರ ನೋಡಿದ್ದರೂ ಸಾಕಿತ್ತು.

ಸ್ಟಾರ್ ಟ್ರೆಕ್ ಆನ್‌ಲೈನ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ಫೌಂಡ್ರಿ ಎಂಬ ಅದರ ಸಲಕರಣೆ 2011ರಲ್ಲಿ ತೆರೆಯಿತು. ಅಲ್ಲಿ ನೀವು ಕಟ್ಟಿದ ಮಿಷನ್ ನೇರವಾಗಿ ಎಲ್ಲರ ಪಟ್ಟಿಗೆ ಹೋಗುತ್ತಿರಲಿಲ್ಲ. ಪರಿಶೀಲನೆಯ ಪಟ್ಟಿಯಲ್ಲಿ ಕೂತಿರಬೇಕು. ಒಪ್ಪಿಕೊಂಡು ಬಂದ ಐವರು ಆಟಗಾರರು ಆಡಿ ಅಭಿಪ್ರಾಯ ಬರೆದ ಮೇಲಷ್ಟೇ ಸಾಮಾನ್ಯ ಜನರ ಕಣ್ಣಿಗೆ ಬೀಳುವುದು. ಕೇಳಲು ಎಷ್ಟು ಚೆಂದ! ಐದು ಜನ ಏನು ದೊಡ್ಡ ಸಂಖ್ಯೆಯೇ? ಹೆಸರು ಮಾಡಿದವನಿಗೆ ಅಲ್ಲ. ಗುರುತಿಲ್ಲದವನಿಗೆ ಹೌದು. ಅವನಿಗಿರುವ ದಾರಿ ಎರಡು: ಕಾಯುವುದು, ಇಲ್ಲವೇ ನನ್ನದಕ್ಕೆ ನೀನು ಬರಿ ನಿನ್ನದಕ್ಕೆ ನಾನು ಬರೀತೀನಿ ಎಂದು ಕೈ ಕುಲುಕುವುದು. ಎರಡನೆಯದು ನಡೆದರೆ ಅದು ಪರಿಶೀಲನೆ ಅಲ್ಲ, ಮುಯ್ಯಿ. 2019ರ ಏಪ್ರಿಲ್ 11ಕ್ಕೆ ಫೌಂಡ್ರಿ ಮುಚ್ಚಿತು. ಅದನ್ನು ನಡೆಸಿಕೊಂಡು ಹೋಗುವಷ್ಟು ಬಲ್ಲವರು ಕೆಲಸ ಬಿಟ್ಟು ಹೋಗಿದ್ದಾರೆ ಎಂಬ ಕಾರಣ ಕೊಟ್ಟರು. ಕಟ್ಟಿದವರ ಶ್ರಮವೂ ಹೋಯಿತು, ಆಡಿ ಬರೆದವರ ಶ್ರಮವೂ ಹೋಯಿತು.

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಉಪಾಯ ನಿಂಟೆಂಡೊದ್ದು. 2015ರಲ್ಲಿ ಬಂದ ಸೂಪರ್ ಮಾರಿಯೋ ಮೇಕರ್‌ನಲ್ಲಿ ಯಾರು ಬೇಕಾದರೂ ಮಾರಿಯೋ ಓಡುವ ಹಾದಿ ಕಟ್ಟಬಹುದಿತ್ತು. ಷರತ್ತು ಒಂದೇ: ಬಿಡುವ ಮೊದಲು ನೀನೇ ಅದನ್ನು ಮೊದಲಿಂದ ಕೊನೆಯವರೆಗೆ ಒಮ್ಮೆ ಆಡಿ ಗೆದ್ದು ತೋರಿಸು. ಚೆನ್ನಾಗಿದೆಯೇ ಎಂದು ಕೇಳುವುದಿಲ್ಲ. ಯಾವ ಸಮಿತಿಯೂ ಇಲ್ಲ, ಕಾಯಬೇಕಾಗಿಯೂ ಇಲ್ಲ. ಮುಗಿಸಲಾಗದ್ದನ್ನು ಊರಿಗೆ ಹಂಚಬೇಡ, ಅಷ್ಟೇ. ಕಾನೂನು ಅಂದರೆ ಹೀಗಿರಬೇಕು, ಒಂದೇ ಸಾಲು.

ಆದರೆ ಮನುಷ್ಯನ ಬುದ್ಧಿ ನೋಡಿ. ಕೆಲವರು ತಮ್ಮ ಹಾದಿಯಲ್ಲಿ ಯಾರಿಗೂ ಕಾಣದ ಮೂಲೆಯೊಂದರಲ್ಲಿ ಒಂದು ಅದೃಶ್ಯ ಇಟ್ಟಿಗೆ ಇಟ್ಟರು. ಅದಕ್ಕೆ ತಲೆ ತಾಗಿಸಿ, ಅಲ್ಲಿಂದ ಮೇಲಕ್ಕೆ ಹತ್ತಿ, ಎಲ್ಲ ಕಷ್ಟವನ್ನೂ ಬಿಟ್ಟು ನೇರ ಬಾವುಟದ ಹತ್ತಿರ ಇಳಿದು, ಗೆದ್ದೆ ಎಂದು ತೋರಿಸಿ ಬಿಟ್ಟುಬಿಟ್ಟರು. ಉಳಿದವರು ಮುಂಬಾಗಿಲಲ್ಲಿ ತಲೆ ಚಚ್ಚಿಕೊಳ್ಳಬೇಕು, ಇವನಿಗೆ ಮಾತ್ರ ಹಿತ್ತಿಲ ಬಾಗಿಲು.

ಇದಕ್ಕಿಂತ ಸ್ವಾರಸ್ಯದ್ದು ಇನ್ನೊಂದು ನಡೆಯಿತು. ಈ ಆಟ ಓಡುತ್ತಿದ್ದ ನಿಂಟೆಂಡೊದ ವೀ ಯು ಯಂತ್ರದ ಆನ್‌ಲೈನ್ ಸೇವೆ 2024ರ ಏಪ್ರಿಲ್ 8ಕ್ಕೆ ನಿಲ್ಲುತ್ತದೆಂದು ಗೊತ್ತಾದಾಗ, ಅದುವರೆಗೆ ಕಟ್ಟಿದವನ ಹೊರತು ಯಾರೂ ಗೆಲ್ಲದ ಹಾದಿಗಳನ್ನೆಲ್ಲ ಗೆದ್ದೇ ತೀರಬೇಕೆಂದು ಟೀಮ್ ಝೀರೋ ಪರ್ಸೆಂಟ್ ಎಂಬ ಗುಂಪು ಹಗಲಿರುಳು ಕೂತಿತು. ಕೊನೆಗೆ ಉಳಿದದ್ದು ಟ್ರಿಮ್ಮಿಂಗ್ ದ ಹರ್ಬ್ಸ್ ಎಂಬ 2017ರ ಹಾದಿ. ಇರುವುದೇ ಕೆಲವು ಸೆಕೆಂಡಿನ ಓಟ. ಆದರೆ ಒಂದೊಂದು ನೆಗೆತಕ್ಕೂ ಕೂದಲೆಳೆಯ ಅಂತರ. ಕಟ್ಟಿದವನು ಗೆದ್ದಿದ್ದಾನಲ್ಲ, ಅಂದಮೇಲೆ ಇನ್ನೊಬ್ಬನಿಂದಲೂ ಆಗಲೇಬೇಕು ಎಂಬ ನಂಬಿಕೆಯ ಮೇಲೆ ಜನ ಸಾವಿರಾರು ಸಲ ಸತ್ತರು. ಗಡುವಿಗೆ ಎರಡು ವಾರ ಚಿಲ್ಲರೆ ಇರುವಾಗ ಕಟ್ಟಿದವನು ಬಾಯಿಬಿಟ್ಟ: ಗೆದ್ದದ್ದು ನನ್ನ ಕೈಯಲ್ಲ, ಗುಂಡಿ ಒತ್ತಲು ಯಂತ್ರವನ್ನು ಜೋಡಿಸಿದ್ದೆ. ಆ ಏಳು ವರ್ಷದ ಮುದ್ರೆ ಖೋಟಾ ಆಗಿತ್ತು.

ಹಾಗಾದರೆ ಅದನ್ನು ಲೆಕ್ಕದಿಂದ ತೆಗೆಯಿರಿ ಎಂದು ತೆಗೆದರು. ಅದಕ್ಕೂ ಮೊದಲೇ ಇನ್ನೊಂದು ಹಾದಿಯನ್ನು ಗೆದ್ದಿದ್ದರಿಂದ ಪಟ್ಟಿ ಖಾಲಿ ಎಂದು ಹಬ್ಬವೂ ಆಯಿತು. ಆದರೂ ಒಬ್ಬ ಬಿಡಲಿಲ್ಲ. ಏಪ್ರಿಲ್ 5ರಂದು, ಬಾಗಿಲು ಹಾಕಲು ಮೂರು ದಿನ ಇರುವಾಗ, ಯಂತ್ರದ ಸಹಾಯವಿಲ್ಲದೆ ಅದೇ ಹಾದಿಯನ್ನು ಕೈಯಲ್ಲೇ ಗೆದ್ದ. ಮುದ್ರೆ ಖೋಟಾ, ಹಾದಿ ನಿಜ! ಪರಿಶೀಲನೆ ಕಟ್ಟುನಿಟ್ಟಾಗಿದ್ದಿದ್ದರೆ ಆ ಹಾದಿ ಹೊರಬರುತ್ತಲೇ ಇರಲಿಲ್ಲ, ಆ ಗೆಲುವೂ ಇರುತ್ತಿರಲಿಲ್ಲ. ನನ್ನ ವಾದಕ್ಕೆ ಇದು ಅನುಕೂಲವಲ್ಲ ಎಂದು ಬಲ್ಲೆ. ಆದರೂ ಕಥೆ ಇಷ್ಟು ಚೆನ್ನಾಗಿರುವಾಗ ಹೇಳದೆ ಬಿಡಲಾಗದು.

ನಿಂಟೆಂಡೊ ಉಪಾಯದಲ್ಲಿ ನಿಜವಾದ ಕೊರತೆ ಇರುವುದು ಕಳ್ಳದಾರಿಯಲ್ಲೂ ಅಲ್ಲ, ಯಂತ್ರದಲ್ಲೂ ಅಲ್ಲ. ಕಟ್ಟಿದವನೇ ಆಡಿ ನೋಡುತ್ತಾನೆ ಎಂಬಲ್ಲಿ. ಕಟ್ಟಿದವನಿಗೆ ಎಲ್ಲವೂ ಗೊತ್ತು. ಗೊತ್ತಿರುವುದು ಅವನ ಕಣ್ಣಿಗೆ ಕಂಡಂತೆಯೇ ಇರುತ್ತದೆ. ಬೆಳ್ಳಾವಿಯ ಟೀ ಅಂಗಡಿಯ ಬೆಂಚಿನ ಮೇಲೆ ಇದನ್ನು ಹತ್ತಿರದಿಂದ ನೋಡಿದೆ. ಇಬ್ಬರು ಹುಡುಗರು. ಒಬ್ಬ ಕಟ್ಟಿದವನು, ಇನ್ನೊಬ್ಬ ಆಡುವವನು. ಆಡುವವನು ಒಂದು ಕಾಂಪೌಂಡಿನೊಳಗೆ ಸಿಕ್ಕಿಕೊಂಡು ಗೋಡೆಗುಂಟ ಸುತ್ತುತ್ತಿದ್ದ.

“ಇಲ್ಲಿಂದ ಆಚೀಗ್ ಹೋಗೋದೆಂಗ್ಲಾ?”

“ಡ್ರಮ್ ಐತಲ್ಲಾ, ಹತ್ತು.”

“ಯಾವ್ ಡ್ರಮ್ಮು?”

“ಅಯ್, ಮೂಲೇಲೈತೆ ಕಣ್ಲಾ. ಕಾಣಲ್ವಾ?”

“ಮೂಲೆ ಕಪ್ಪುಗೈತೆ. ಏನ್ ಕಾಣ್ತದೆ?”

ಕಟ್ಟಿದವನಿಗೆ ತಾಳ್ಮೆ ಹೋಯಿತು. ಪಕ್ಕದಿಂದ ಬೆರಳು ಚಾಚಿ, ಗೆಳೆಯನ ಪರದೆಯ ಮೇಲೆ ತಾನೇ ಎಳೆದು, ಡ್ರಮ್ಮಿನ ಮೇಲೆ ಹತ್ತಿಸಿ, ಗೋಡೆ ಹಾರಿಸಿದ. “ನೋಡು, ಎಷ್ಟ್ ಸುಲಭ!” ಆಡುವವನು ಹೌದೌದು ಎಂದ. ಮಿಷನ್ ಮುಗಿಯಿತು, ಸೂಪರ್ ಎಂಬ ಶಿಫಾರಸೂ ಸಿಕ್ಕಿತು. ಇಬ್ಬರೂ ಟೀ ಲೋಟ ಇಟ್ಟು ಎದ್ದರು. ನನ್ನ ಹೊಟ್ಟೆಯಲ್ಲಿ ಸಂಕಟ. ಆ ಮೂಲೆಯಲ್ಲಿ ಒಂದು ದೀಪ ಇಟ್ಟಿದ್ದರೆ ಸಾಕಿತ್ತು. ನಾಳೆ ಹಾಸನದಲ್ಲೋ ಹರಿಯಾಣದಲ್ಲೋ ಅದನ್ನು ಆಡುವವನ ಪಕ್ಕದಲ್ಲಿ ಕೂತು ಬೆರಳು ಚಾಚಲು ಇವನು ಇರುವುದಿಲ್ಲವಲ್ಲ.

ಆದ್ದರಿಂದ ಪರಿಶೀಲನೆಗೆ ನನ್ನ ನಿಯಮ ಇದು: ಕಟ್ಟಿದವನು ಪಕ್ಕದಲ್ಲಿ ಕೂರಲಿ, ಆದರೆ ಬಾಯಿ ತೆರೆಯಬಾರದು, ಕೈ ಕಟ್ಟಿಕೊಂಡಿರಬೇಕು. ಆಡುವವನು ಎಲ್ಲಿ ನಿಂತ, ಎಲ್ಲಿ ತಿರುಗಿ ನೋಡಿದ, ಎಲ್ಲಿ ಬೇಸತ್ತು ಮೆಸೇಜು ಓದಲು ಹೋದ ಎಂಬುದನ್ನು ಬರೆದುಕೊಂಡರೆ, ಯಾವ ಅಭಿಪ್ರಾಯ ಪತ್ರವೂ ಬೇಡ. ಥೀಫ್ ಆಟದ ಅಭಿಮಾನಿಗಳು ಇದನ್ನು ಮೊದಲಿನಿಂದಲೂ ಬಲ್ಲರು. 1998ರಲ್ಲಿ ಬಂದ ಆ ಕತ್ತಲೆಯ ಆಟಕ್ಕೆ ಜನ ಇವತ್ತಿಗೂ ಮಿಷನ್ ಕಟ್ಟುತ್ತಾರೆ. ಅದರ ದಾರಿಯಲ್ಲೇ ಹುಟ್ಟಿದ ದ ಡಾರ್ಕ್ ಮಾಡ್‌ನಲ್ಲೂ ಅಭಿಮಾನಿಗಳ ಮಿಷನ್‌ಗಳು ನೂರು ದಾಟಿವೆ. ಅಲ್ಲಿ ಬೇರೆಯವರ ಕೈಯಲ್ಲಿ ಆಡಿಸಿ ನೋಡದೆ ಮಿಷನ್ ಬಿಡುವುದು ಮರ್ಯಾದೆಯಲ್ಲ. ಎಷ್ಟೋ ಮಿಷನ್‌ಗಳ ಜೊತೆಗಿರುವ ಟಿಪ್ಪಣಿಯಲ್ಲಿ ಪರೀಕ್ಷೆ ಮಾಡಿದವರ ಹೆಸರುಗಳೂ ಇರುತ್ತವೆ.

ನಮ್ಮ ಸೀಮೆಗೆ ಇದೇನು ಹೊಸದೇ? ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಕುರುಕ್ಷೇತ್ರ ಆಡಲು ಬರುವ ಯಾವ ಊರಿನ ತಂಡವಾದರೂ ಹಾರ್ಮೋನಿಯಂ ಮೇಷ್ಟ್ರ ಎದುರು ತಿಂಗಳುಗಟ್ಟಲೆ ತಾಲೀಮು ನಡೆಸಿಯೇ ಬಂದಿರುತ್ತದೆ. ದುರ್ಯೋಧನನ ಪಾರ್ಟು ದುಡ್ಡು ಕೊಟ್ಟು ಹಿಡಿದದ್ದೇ ಇರಬಹುದು, ಶ್ರುತಿ ತಪ್ಪಿದರೆ ಮೇಷ್ಟ್ರು ಬೈಯದೆ ಬಿಡರು. ಆದರೆ ಮೇಷ್ಟ್ರು ನೋಡುವುದು ಶ್ರುತಿ, ತಾಳ, ಎತ್ತುಗಡೆ. ನಿನ್ನ ದುರ್ಯೋಧನ ನನಗೆ ಇಷ್ಟವಾಗಲಿಲ್ಲ, ನಾಟಕವೇ ಬೇಡ ಎಂದು ಅವರು ಪರದೆ ಇಳಿಸುವುದಿಲ್ಲ. ಅದನ್ನು ಹೇಳಲು ಮುಂದೆ ಕೂತ ಜನ ಇದ್ದಾರೆ. ಅವರು ವನ್ಸ್‌ಮೋರ್ ಎಂದೂ ಕೂಗುತ್ತಾರೆ, ಎದ್ದೂ ಹೋಗುತ್ತಾರೆ.

ಚದುರಂಗದ ಸಮಸ್ಯೆಗಳನ್ನು ಹೆಣೆಯುವವರು ಇದನ್ನು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಮಾಡಿಕೊಂಡು ಬಂದಿದ್ದಾರೆ. ಬಿಳಿ ಆಡಿ ಮೂರು ನಡೆಯಲ್ಲಿ ಮಾತ್ ಎಂದು ಒಬ್ಬ ಆಟಗಾರ ಕಟ್ಟಿಕೊಟ್ಟರೆ, ಮೊದಲ ನಡೆ ಒಂದೇ ಇರಬೇಕು. ಬೇರೆ ನಡೆಯಿಂದಲೂ ಮಾತ್ ಆಗುವುದಾದರೆ ಸಮಸ್ಯೆ ಕೆಟ್ಟಿತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಸಂಪಾದಕ ತನಗೆ ಆದಷ್ಟು ನೋಡಿ ಅಚ್ಚು ಹಾಕುತ್ತಿದ್ದ. ಅವನ ಕಣ್ಣು ತಪ್ಪಿದ್ದನ್ನು ಓದುಗರು ಹಿಡಿಯುತ್ತಿದ್ದರು, ಹಿಡಿದವರಿಗೆ ಅಂಕ ಸಿಗುತ್ತಿತ್ತು. ಈಗ ಆ ಕೆಲಸ ಬಹುಪಾಲು ಯಂತ್ರದ್ದು. ಸೊಗಸನ್ನು ತೂಗುವುದು ಮಾತ್ರ ಪ್ರಕಟವಾದ ಮೇಲೆ. ತೀರ್ಪುಗಾರನೊಬ್ಬ ವರ್ಷದ ಸಮಸ್ಯೆಗಳನ್ನೆಲ್ಲ ಮುಂದಿಟ್ಟುಕೊಂಡು ಬಹುಮಾನ ಹೇಳುತ್ತಾನೆ. ಅದೂ ತಕ್ಷಣ ಕಾಯಂ ಆಗುವುದಿಲ್ಲ. ದೋಷವಿದೆ ಎಂದೋ ಇದನ್ನು ಮೊದಲೇ ಇನ್ನೊಬ್ಬರು ಕಟ್ಟಿದ್ದರು ಎಂದೋ ಯಾರಾದರೂ ತಕರಾರು ತರಲು ಕೆಲವು ತಿಂಗಳು ಬಿಟ್ಟು, ಆಮೇಲಷ್ಟೇ ಗಟ್ಟಿ. ದೋಷಕ್ಕೆ ಮೊದಲು, ರುಚಿಗೆ ಆಮೇಲೆ. ಆಟದ ಕಂಪನಿಗಳಿಗೆ ಇಷ್ಟು ಸರಳವಾದ ಸಂಗತಿ ಯಾಕೆ ತಿಳಿಯುವುದಿಲ್ಲವೋ.

ಚದುರಂಗದ ಮಾತು ಬಂದಾಗ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಸಿದುಕೊಂಡ ಮೇಲೆ 1868ರಲ್ಲಿ ತೀರಿಕೊಳ್ಳುವವರೆಗೂ ದೊರೆಗೆ ರಾಜ್ಯವಿರಲಿಲ್ಲ, ಆಟವಿತ್ತು. ಗಂಜೀಫಾಕ್ಕೆ ಹೊಸ ಬಗೆಗಳು, ಮಣೆಯಾಟಕ್ಕೆ ಹೊಸ ಮಣೆಗಳು, ಚದುರಂಗದಲ್ಲಿ ಕುದುರೆ ನಡೆಯ ಸಮಸ್ಯೆಗಳು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೊನೆಯ ನಿಧಿಯಾದ ಕೌತುಕನಿಧಿ ಇಂಥದ್ದಕ್ಕೇ ಮೀಸಲು. ಆಟಗಾರ ಕಟ್ಟಿದ ಆಟಗಳಿಗೆ ಕನ್ನಡ ನಾಡಿನಲ್ಲಿ ಇದಕ್ಕಿಂತ ಹಿರಿಯ ಭಂಡಾರ ನನಗೆ ಕಾಣದು. ಈಗ ಯೋಚಿಸಿ: ಮಹಾರಾಜರು ಹೊಸ ಆಟ ಕಟ್ಟಿ ಮುಂದಿಟ್ಟು, ಹೇಗಿದೆ ಎಂದು ಕೇಳಿದರೆ ಆಸ್ಥಾನದಲ್ಲಿ ಯಾರು ತಾನೇ, ಮಹಾಸ್ವಾಮಿ, ಏಳನೇ ಮನೆಯಲ್ಲಿ ಕಾಯಿ ಸಿಕ್ಕಿಕೊಳ್ಳುತ್ತದೆ ಎಂದಾರು? ಐವರಲ್ಲ, ಐವತ್ತು ಜನ ಪರಿಶೀಲಕರಿದ್ದರೂ ಬರುವುದು ಒಂದೇ ಉತ್ತರ.

ಕುದುರೆ ನಡೆಯ ಹಿರಿಮೆ ಇರುವುದು ಇಲ್ಲೇ. ಅರವತ್ನಾಲ್ಕು ಮನೆಯಲ್ಲೂ ಕುದುರೆ ಒಂದೊಂದೇ ಸಲ ಕಾಲಿಡಬೇಕು. ಒಂದರಿಂದ ಅರವತ್ನಾಲ್ಕರವರೆಗೆ ಅಂಕಿ ಬರೆದುಬಿಟ್ಟರೆ, ಎಂಟು ವರ್ಷದ ಹುಡುಗಿಯೂ ಬೆರಳಿಟ್ಟು ಸರಿಯೋ ತಪ್ಪೋ ಹೇಳಬಲ್ಲಳು. ಇನ್ನೂ ಬಿಗಿಯಾದ ಬಗೆಯಲ್ಲಿ ಅಡ್ಡ ಸಾಲು, ಉದ್ದ ಸಾಲು ಯಾವುದನ್ನು ಕೂಡಿದರೂ 260 ಬರಬೇಕು. ಅಲ್ಲಿ ದೊರೆಯ ಮುಖ ನೋಡುವ ಅಗತ್ಯವಿಲ್ಲ, ಕೂಡಿದರೆ ಸಾಕು. ಮೂಲೆಯಿಂದ ಮೂಲೆಗೂ 260 ಬರುವಂಥ ಕುದುರೆ ನಡೆ ಎಂಟರ ಮಣೆಯಲ್ಲಿ ಸಾಧ್ಯವೇ ಎಂದು ಜನ ಒಂದೂವರೆ ಶತಮಾನ ತಡಕಾಡಿದರು. ಸಾಧ್ಯವೇ ಇಲ್ಲ ಎಂದು 2003ರಲ್ಲಿ ಕಂಪ್ಯೂಟರುಗಳು ಎರಡು ತಿಂಗಳು ದುಡಿದು ತೀರ್ಮಾನ ಹೇಳಿದವು. ಮುಗಿಯುತ್ತದೋ ಇಲ್ಲವೋ ಎಂಬುದನ್ನು ಯಂತ್ರಕ್ಕೆ ಬಿಡಬಹುದಾದ ಕಡೆ ಬಿಡಬೇಕು. ಅದಕ್ಕೆ ಮುಲಾಜಿಲ್ಲ.

ಹಾಗೆಂದು ಎಲ್ಲ ಸರಿಹೋಗುವವರೆಗೆ ಬಿಡಲೇಬಾರದು ಎನ್ನುವ ಶುದ್ಧಾಚಾರದವರ ಜೊತೆಗೂ ನಾನಿಲ್ಲ. ನಮ್ಮೂರು ಬೆಳ್ಳಾವಿಯ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರನ್ನು ನೆನೆಯಿರಿ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವರು, 1918ರಲ್ಲೇ ಕನ್ನಡದಲ್ಲಿ ವಿಜ್ಞಾನ ಎಂಬ ಪತ್ರಿಕೆ ನಡೆಸಿದವರು, 1937ರ ಜಮಖಂಡಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಬಿ.ಎಲ್. ರೈಸ್ 1898ರಲ್ಲಿ ಪಂಪಭಾರತವನ್ನು ಅಚ್ಚು ಹಾಕಿಸಿದ್ದರು. ಅದನ್ನೇ ಮತ್ತೆ ಪರಿಷ್ಕರಿಸಿ 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹೊರತಂದಾಗ ಆ ಕೆಲಸದ ಮುಂದಾಳು ಇವರು. ಒಂದೂ ಸಂದೇಹವಿಲ್ಲದ ಪಾಠ ಸಿಗಲಿ ಎಂದು ರೈಸ್ ಕಾದಿದ್ದರೆ ಮೂವತ್ತಮೂರು ವರ್ಷ ಪಂಪ ಓಲೆಗರಿಯಲ್ಲೇ ಉಳಿಯುತ್ತಿದ್ದ. ಓದಲು ಬರುವಷ್ಟು ಇದ್ದದ್ದು ಮೊದಲು ಹೊರಬಂತು, ತಿದ್ದುವವರು ಆಮೇಲೆ ಬಂದರು. ಅಚ್ಚಿನ ಪುಸ್ತಕಕ್ಕೇ ಇದು ಆಗುವುದಾದರೆ, ಇವತ್ತು ಬಿಟ್ಟು ನಾಳೆ ತಿದ್ದಬಹುದಾದ ಮೊಬೈಲ್ ಮಿಷನ್ನಿಗೆ ಏನು ಧಾಡಿ?

ಇನ್ನು ಗೋಡೆಯ ಮೇಲೆ ಯಾರದೋ ಮನೆ ಹುಡುಗಿಯ ಹೆಸರು ಬರೆಯುವುದು, ಜಾತಿ ಹಿಡಿದು ಬೈಯುವುದು, ದೇವಸ್ಥಾನ ಮಸೀದಿ ಕಟ್ಟಿ ಬಾಂಬು ಹಾಕಿಸುವುದು. ಇವು ರಸಿಕರು ಕೂತು ಚರ್ಚಿಸುವ ಸಂಗತಿಗಳಲ್ಲ. ಕಂಪನಿ ತಡೆಯಬೇಕು, ತಡೆಯದಿದ್ದರೆ ಕಾನೂನು ಕೇಳಬೇಕು. ಅದನ್ನೇ ನೆಪ ಮಾಡಿಕೊಂಡು ನಿನ್ನ ಕಥೆ ಸಪ್ಪೆ, ನಿನ್ನ ಇಂಗ್ಲಿಷ್ ಸರಿಯಿಲ್ಲ, ಮಿಷನ್ನಿನ ಸೂಚನೆಗಳನ್ನು ಕನ್ನಡದಲ್ಲಿ ಯಾಕೆ ಬರೆದೆ ಎಂದು ಹಿಂದಕ್ಕೆ ಕಳಿಸುವುದು ಬೇರೆ. ಸಪ್ಪೆ ಕಥೆ ಬರೆಯುವ ಹಕ್ಕು ಹದಿನೇಳರ ಹುಡುಗನಿಗೆ ಇರಲೇಬೇಕು.

ಬರುವ ವಾರಗಳಲ್ಲಿ ಈ ಜಿಲ್ಲೆಯ ಓದುಗರು ಕಟ್ಟಿದ ಮಿಷನ್‌ಗಳನ್ನು ಆಡಿ ಬರೆಯುವ ಯೋಚನೆಯಿದೆ. ಗುಬ್ಬಿ, ಕುಣಿಗಲ್‌ನವರೂ ಕಳಿಸಬಹುದು. ಚೆನ್ನಾಗಿರಬೇಕೆಂಬ ಷರತ್ತಿಲ್ಲ, ಅದನ್ನು ನಾನು ನೋಡಿಕೊಳ್ಳುತ್ತೇನೆ. ನೀವಲ್ಲದೆ ಇನ್ನಿಬ್ಬರು ಅದನ್ನು ನಿಮ್ಮ ಬಾಯಿಯ ಸಹಾಯವಿಲ್ಲದೆ ಮುಗಿಸಿರಬೇಕು. ಆ ಇಬ್ಬರಲ್ಲಿ ನಿಮ್ಮ ತಮ್ಮ ಇರುವಂತಿಲ್ಲ. ನೀವು ಕಟ್ಟುವಾಗ ಅವನು ಹಿಂದೆ ನಿಂತು ನೋಡಿರುತ್ತಾನೆ.